ಇಪ್ಪತ್ತು ನಂಬರಿನ ಎಣ್ಣೆ

ನಮ್ಮ ಅಜ್ಜ ಮುದಕಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ಓಣಿಯವರು ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯಲ್ಲಿದ್ದದ್ದು ಕನ್ನಡಕ. ಸಿಟ್ಟು ಇದ್ದದ್ದು ನಾಲಗೆಯ ಮೇಲೆ, ಬಂದಷ್ಟೇ ಬೇಗ ಹೋಗಿಯೂ ಬಿಡುತ್ತಿತ್ತು. ಆದರೆ ಅದೇನಾದರೂ ನಾಲಗೆಯಿಂದ ಇಳಿದು ಹೊಟ್ಟೆ ಸೇರಿತೆಂದರೆ ಮುಗಿಯಿತು, ವರ್ಷಗಟ್ಟಲೆ ಅಲ್ಲೇ ಕೂತುಬಿಡುತ್ತಿತ್ತು. ನಾನು ಹೇಳಹೊರಟಿರುವುದು ಹಾಗೆ ಹೊಟ್ಟೆ ಸೇರಿದ ಒಂದು ಸಿಟ್ಟಿನ ಕತೆ. ಇದು ನಡೆದಾಗ ನಾನು ನಮ್ಮವ್ವನ ಹೊಟ್ಟೆಯಲ್ಲಿ ಏಳು ತಿಂಗಳವಳು. ಕಣ್ಣಾರೆ ಕಂಡದ್ದೇನಿಲ್ಲ, ಆದರೆ ಲಾರಿಯ ಕುಲುಕಾಟವನ್ನೆಲ್ಲ ನಾನೂ ಅನುಭವಿಸಿದ್ದೇನೆ. ಆದ್ದರಿಂದ ಹೇಳುವ ಹಕ್ಕು ನನಗಿದೆ.

ಅಜ್ಜ ಗದಗಿಗೆ ಅಂಟಿಕೊಂಡೇ ಇರುವ ಬೇಟಗೇರಿಯ ನೇಕಾರ. ಸೀರೆ ನೇಯುವುದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ ಎಂದು ಅವನೇ ಹೇಳುತ್ತಿದ್ದ, ಉಳಿದವರು ಅಲ್ಲವೆನ್ನುತ್ತಿರಲಿಲ್ಲ. ನೂಲಿನ ಲೆಕ್ಕ ತಿಳಿಯದವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೂಲಿಗೆ ನಂಬರು ಇರುತ್ತದೆ. ನಂಬರು ಏರಿದಷ್ಟೂ ಎಳೆ ಸಣ್ಣ, ಇಳಿದಷ್ಟೂ ದಪ್ಪ. ಇಪ್ಪತ್ತು ನಂಬರಿನ ನೂಲು ಜಮಖಾನಕ್ಕೆ ಆಗುವಂಥದ್ದು, ಎಂಬತ್ತು ನಂಬರಿನದು ಮೈಮೇಲೆ ಇದೆಯೋ ಇಲ್ಲವೋ ಎನ್ನಿಸುವ ಸೀರೆಗೆ. ಬೇಟಗೇರಿಯ ಕೂಸುಗಳಿಗೂ ಇದು ಗೊತ್ತು. ಅಜ್ಜನಿಗಂತೂ ಇದು ಸೂರ್ಯ ಮೂಡುವ ದಿಕ್ಕಿನಷ್ಟೇ ಖಾತ್ರಿಯ ಸಂಗತಿಯಾಗಿತ್ತು.

ನಮ್ಮಪ್ಪ ಅಂದಪ್ಪ ಬೇರೆ ಯಾರೂ ಅಲ್ಲ, ಅಜ್ಜನ ಸ್ವಂತ ತಂಗಿಯ ಮಗ. ತಾಯಿ ತಂದೆ ಇಬ್ಬರೂ ಬೇಗ ಹೋದದ್ದರಿಂದ ಸೋದರಮಾವನ ಮನೆಯಲ್ಲೇ ಬೆಳೆದ. ಅಜ್ಜನ ಮಗ್ಗದ ಎದುರಿಗೇ ಇನ್ನೊಂದು ಮಗ್ಗ ಹೂಡಿ ಅದರಲ್ಲಿ ಅವನನ್ನು ಕೂರಿಸಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಮಾವನ ಮಗಳು ನೀಲಗಂಗವ್ವನನ್ನೇ ಕೊಟ್ಟು ಮದುವೆಯನ್ನೂ ಮಾಡಿದರು. ಮಗಳು ಹೊಸಿಲು ದಾಟಲಿಲ್ಲ, ಅಳಿಯ ಮಗ್ಗ ಬಿಡಲಿಲ್ಲ, ಇದಕ್ಕಿಂತ ಸುಖ ಇನ್ನೇನು ಎಂದು ಅಜ್ಜ ಮೀಸೆ ತಿರುವುತ್ತಿದ್ದಾಗಲೇ ಅಪ್ಪನ ತಲೆಗೆ ಗಾಲಿ ಹೊಕ್ಕಿತು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಲಾರಿಗಳಲ್ಲಿ ಒಂದನ್ನು ಬೆಳಗಾವಿಯಿಂದ ಹೊಡೆದುಕೊಂಡು ಬಂದೇಬಿಟ್ಟ.

"ಮಗ್ಗ ಬಿಟ್ಟು ಗಾಲಿ ಹಿಂದ ಹೊಂಟೀ ಏನಲೇ?" ಎಂದ ಅಜ್ಜ.

"ಮಗ್ಗದಾಗ ಕುಂತ್ರ ಕಾಲು ಕುಣಿಯೊಳಗ, ಕಣ್ಣು ಎಳಿಯೊಳಗ. ನನಗ ನಾಕ ಊರು ನೋಡಬೇಕನಸೇತಿ ಮಾವಾ."

"ಹೋಗು, ನೋಡು ಹೋಗು. ಹೋದಾಂವ ಮತ್ತ ನನ್ನ ಕೂಡ ಮಾತಾಡಬ್ಯಾಡ."

ಅಜ್ಜ ಬೈದದ್ದು. ಅಪ್ಪ ಅದನ್ನು ಅಪ್ಪಣೆ ಎಂದು ತಿಳಿದ. ಬೈಗುಳವನ್ನು ಅಪ್ಪಣೆಯೆಂದು ತಲೆಮೇಲೆ ಹೊತ್ತು ನಡೆಯುವ ಇಂಥ ಮಂದಿಯಿಂದ ಎಷ್ಟು ಮನೆಗಳ ಬಾಗಿಲು ಮುಚ್ಚಿವೆಯೋ ದೇವರೇ ಬಲ್ಲ. ಅಪ್ಪ ಅವ್ವನನ್ನು ಕರೆದುಕೊಂಡು ಲಕ್ಷ್ಮೇಶ್ವರದಲ್ಲಿ ಮನೆ ಮಾಡಿದ. ಹತ್ತಿ, ಶೇಂಗಾ, ಮೆಣಸಿನಕಾಯಿ ಹೇರಿಕೊಂಡು ಶಿರಹಟ್ಟಿ, ಮುಂಡರಗಿ, ಗದಗ ಎಂದು ತಿರುಗತೊಡಗಿದ. ಅವ್ವ ಹಬ್ಬಕ್ಕೊಮ್ಮೆ ಸರ್ವಿಸ್ ಮೋಟಾರಿನಲ್ಲಿ ಒಬ್ಬಳೇ ತವರಿಗೆ ಹೋಗಿಬರುತ್ತಿದ್ದಳು. ಅಪ್ಪ ಬೇಟಗೇರಿಯ ತನಕ ಲೋಡು ಒಯ್ದರೂ ಆ ಓಣಿಯ ಬಾಯಲ್ಲಿ ಲಾರಿ ನಿಧಾನ ಮಾಡಿ, ಒಮ್ಮೆ ಒಳಗೆ ನೋಡಿ, ಮುಂದೆ ಹೋಗಿಬಿಡುತ್ತಿದ್ದ. ಹೀಗೆ ಎಂಟು ವರ್ಷ.

ಅವ್ವ ಆ ಲಾರಿಯನ್ನು ಸವತಿ ಎಂದೇ ಕರೆಯುತ್ತಿದ್ದಳು. ಅಪ್ಪ ಮನೆಗೆ ಬಂದರೆ ಮೊದಲು ಅದಕ್ಕೆ ನೀರು, ಆಮೇಲೆ ತನಗೆ. ಆದರೂ ಅಪ್ಪ ಬರುವುದು ತಡವಾದರೆ ಬಾಗಿಲಲ್ಲಿ ನಿಂತು ಅದರ ಸಪ್ಪಳಕ್ಕೆ ಕಿವಿಗೊಡುತ್ತಿದ್ದವಳೂ ಅವಳೇ. ಮಿಲಿಟರಿಯಲ್ಲಿ ಯಾವ ಯಾವ ಮರುಭೂಮಿ ತಿರುಗಿತ್ತೋ, ನಮ್ಮ ಎರೆಮಣ್ಣಿನ ದಾರಿಯಲ್ಲಿ ಎಷ್ಟು ತಿರುಗಿತೋ, ಸಾವಿರಾರು ಮೈಲಿ ಉಂಡು ಅದರ ಇಂಜಿನ್ನಿಗೆ ಮುಪ್ಪು ಬಂದಿತ್ತು. ೧೯೫೬ರ ಮಳೆಗಾಲ ಮುಗಿಯುವಾಗ ಹಿಂದಿನಿಂದ ನೀಲಿ ಹೊಗೆ ಬಿಡತೊಡಗಿತು. ಎಣ್ಣೆ ಹಾಕಿದಷ್ಟೂ ಕುಡಿಯತೊಡಗಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು. ಮುಂಜಾನೆ ನೆಟ್ಟಗಿರುತ್ತಿದ್ದದ್ದು, ಇಂಜಿನ್ನು ಕಾದಂತೆ ತೂಕಡಿಸುವವರ ತಲೆಯ ಹಾಗೆ ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಗದಗದ ಫಿಟ್ಟರ್ ಮಲಂಗಸಾಬ ಬಾನೆಟ್ಟು ತೆಗೆದು, ಕಿವಿಗೊಟ್ಟು ಕೇಳಿ, ಹೊಗೆ ಮೂಸಿ ನೋಡಿದ.

"ಒಳಗ ಸವದು ಸಂದಿ ದೊಡ್ಡವಾಗ್ಯಾವ ಅಂದಪ್ಪಾ. ನೀ ಹಾಕೂದು ಮೂವತ್ತು ನಂಬರಿಂದು. ಅದು ಕಾದ ಕೂಡಲೆ ನೀರಾಗಿ ಆ ಸಂದ್ಯಾಗ ಹರದ ಹೋಗತೈತಿ. ಬೇರಿಂಗಿಗೆ ಎಣ್ಣಿ ನಿಂದ್ರವಲ್ದು."

"ಹಂಗಾದ್ರ ಐವತ್ತು ಹಾಕಿಬಿಡೂಣು. ದಪ್ಪ ಇದ್ದಷ್ಟೂ ಚಲೋ ಅಲ್ಲ?"

"ಮುದುಕರಿಗೆ ಥಂಡಿ ಅಂತ ಹತ್ತ ಕೌದಿ ಹೊಚ್ಚಿದ್ರ ಉಸರ ಕಟ್ಟತೈತೋ ಮಾರಾಯಾ. ಇನ್ನ ಚಳಿ ಬರೂ ದಿನ. ಐವತ್ತು ಅಂದ್ರ ಮುಂಜಾನೆ ಜೋನಿಬೆಲ್ಲ ಆಗಿರತೈತಿ. ಗಾಡಿ ಏಳೂದಿಲ್ಲ, ಎದ್ರೂ ಎಣ್ಣಿ ಮ್ಯಾಲ ಏರೂದ್ರಾಗ ಬೇರಿಂಗ್ ಒಣಾ ತಿರಿಗಿ ಹಾಳಾಗತೈತಿ. ಒಂದ ಮೆಟ್ಟಲಾ ದಪ್ಪ ಸಾಕು. ಒಂದ."

ಅಂದರೆ ನಲವತ್ತು. ಆದರೆ ಸ್ಟೇಶನ್ ರೋಡಿನ ಹೇಮಪ್ಪನ ಅಂಗಡಿಯಲ್ಲಿ ಅವತ್ತು ನಲವತ್ತು ಮುಗಿದಿತ್ತು, ವಾರದೊಳಗೆ ಬರುತ್ತದೆ ಎಂದರು. ಅಪ್ಪ ಹೇಗೋ ನಿಧಾನವಾಗಿ ಲಕ್ಷ್ಮೇಶ್ವರಕ್ಕೆ ಬಂದು, ಲೋಡು ಬಂದ್ ಮಾಡಿ, ಹಳೆ ಎಣ್ಣೆಯನ್ನೆಲ್ಲ ಇಳಿಸಿ, ತಳದ ರಾಡಿ ತೊಳೆದು ಹೊಸ ಎಣ್ಣೆಯ ದಾರಿ ಕಾಯುತ್ತ ಕೂತ.

ಇತ್ತ ಮನೆಯಲ್ಲಿ ಬೇರೆಯೇ ಒಂದು ದಾರಿ ಕಾಯುವುದು ನಡೆದಿತ್ತು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವ್ವನ ಹೊಟ್ಟೆಯಲ್ಲಿ ನಾನು ನಿಂತಿದ್ದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ದೀಪಾವಳಿಗೆ ಕರೆದೊಯ್ದು, ಸೀಮಂತದ ಕುಬಸ ಮಾಡಿ, ಹೆರಿಗೆಯ ತನಕ ಇಟ್ಟುಕೊಳ್ಳಬೇಕೆಂದು ಅಜ್ಜಿ ಅನ್ನಪೂರ್ಣವ್ವ ಹೇಳಿಕಳಿಸಿದಳು. ಮೋಟಾರಿನ ಕಂಡಕ್ಟರ್ ಯಮನೂರಪ್ಪ ಬೇಟಗೇರಿಯವನೇ, ಆ ಮಾತು ತಂದವನೂ ಅವನೇ. ಅವ್ವ ಅವನಿಗೆ ಚಹಾ ಕೊಟ್ಟು, ಜೊತೆಗೆ ಮರುಮಾತನ್ನೂ ಕೊಟ್ಟಳು.

"ನಮ್ಮಪ್ಪಗ ಹೇಳಣ್ಣಾ. ಬೀದರ, ಕಲಬುರ್ಗಿ, ಮಂಗಳೂರು, ಕೊಡಗು ಎಲ್ಲಾ ಈ ದೀಪಾವಳಿಗೆ ಒಂದ ರಾಜ್ಯ ಆಗತಾವಂತ. ನಮ್ಮ ಮನ್ಯಾಗ ಇಬ್ಬರ ಗಂಡಸರು, ಆ ಎರಡು ಕೂಡವಲ್ವು. ಇಬ್ಬರೂ ಮಾತಾಡಲಾರದ ಮನಿಯೊಳಗ ನನ್ನ ಕೂಸು ಹುಟ್ಟೂದಿಲ್ಲ. ನಮ್ಮಪ್ಪ ತಾನ ಬರಬೇಕು, ಬಂದು ಇವರ ಲಾರ್ಯಾಗ ಕುಂತು ನನ್ನ ಕರಕೊಂಡು ಹೋಗಬೇಕು. ಇಲ್ಲಂದ್ರ ನಾ ಇಲ್ಲೇ ಹಡೀತೇನಿ."

ಹಠದಲ್ಲಿ ಅವಳು ಅಜ್ಜನ ಮಗಳೇ. ಹೇಳುವಾಗ ಗಟ್ಟಿಯಾಗಿ ಹೇಳಿದಳು, ಯಮನೂರಪ್ಪ ಆಕಡೆ ಹೋದ ಕೂಡಲೇ ಅಡುಗೆಮನೆಗೆ ಹೋಗಿ ಅತ್ತಳು. ಲಕ್ಷ್ಮೇಶ್ವರದಲ್ಲಿ ಅವಳಿಗೆ ಬಾಣಂತನ ಮಾಡಲು ಯಾರೂ ಇರಲಿಲ್ಲ. ಅಪ್ಪನಿಗೆ ಈ ಮಾತಿನಲ್ಲಿ ಬಾಯಿ ಹಾಕುವ ಧೈರ್ಯವಾಗಲಿಲ್ಲ. ಅವನು ಮೋಟಾರಿನ ಹಿಂದೆ ಓಡಿ, ಕಿಟಕಿ ಹಿಡಿದು, ತನ್ನದೊಂದು ಮಾತು ಸೇರಿಸಿದ. "ಮಲಂಗಸಾಬಗ ಹೇಳಪಾ, ಮೂವತ್ತಕ್ಕಿಂತ ಒಂದ ನಂಬರ್ ದಪ್ಪಂದು, ಒಂದ ಡಬ್ಬಿ ಕಳಸಾಕ."

ಯಮನೂರಪ್ಪ ಒಳ್ಳೆಯ ಮನುಷ್ಯ, ಹೇಳಿದ ಮಾತನ್ನು ಒಂದಕ್ಷರ ಬಿಡದೆ ಮುಟ್ಟಿಸುವವನು. ಆದರೆ ಮೊದಲು ಅಜ್ಜನ ಮನೆಗೆ ಹೋದ, ಎರಡೂ ಮಾತನ್ನು ಅಲ್ಲೇ ಹೇಳಿದ. ಅಜ್ಜ ಲಾಳಿ ನಿಲ್ಲಿಸಿ ಕೇಳಿದ. ಆಮೇಲೆ, "ಮಲಂಗಸಾಬಗ ಹೇಳೂದೇನ ಬ್ಯಾಡ. ನನ್ನ ಮಗಳು ಕುಂಡ್ರೂ ಗಾಡಿ. ಎಣ್ಣಿ ನಾ ತರತೇನಿ," ಎಂದ. ಅಜ್ಜಿ ಒಳಗಿನಿಂದ ಇಣುಕಿ ನೋಡಿದಳು, ಇದು ತನ್ನ ಗಂಡನೇ ಹೌದೋ ಅಲ್ಲವೋ ಎಂದು.

ಮರುದಿನ ಅಜ್ಜ ಹೊಸ ರುಮಾಲು ಸುತ್ತಿಕೊಂಡು ಹೇಮಪ್ಪನ ಅಂಗಡಿಗೆ ಹೋದ. ಹುಟ್ಟಿದಾಗಿನಿಂದ ಇಂಜಿನ್ ಎಣ್ಣೆಯನ್ನು ಮುಟ್ಟಿದವನಲ್ಲ. ಆದರೂ ಅಂಗಡಿಗೆ ಹೋದರೆ ಯಾರನ್ನೂ ಏನನ್ನೂ ಕೇಳುವ ಜಾತಿಯಲ್ಲ ಅವನದು. ಹೇಳುವುದಷ್ಟೇ.

"ಲಾರಿಗೆ ಹಾಕೂ ಎಣ್ಣಿ ಕೊಡು. ಇಪ್ಪತ್ತು ನಂಬರಿಂದು, ಒಂದ ಡಬ್ಬಿ."

"ಯಾವ ಲಾರಿಗ್ರಿ ಕಾಕಾ?"

"ನಮ್ಮ ಅಳಿಯಂದು. ಮಿಲಿಟರಿದು. ಮುದಿ ಆಗೈತಿ."

"ಹಳೇ ಗಾಡಿಗೆ ಇಪ್ಪತ್ತು ಆಗೂದಿಲ್ರಿ ಕಾಕಾ. ನಲವತ್ತು ಒಯ್ರಿ, ನಿನ್ನಿ ಬಂದೈತಿ."

"ನಲವತ್ತು? ಅಷ್ಟ ಸಣ್ಣಂದು ಮುದಿ ಗಾಡಿಗೆ ತಡೀತೈತೇನಲೇ? ದಪ್ಪಂದು ಬೇಕಂತ ಹೇಳಿ ಕಳಸ್ಯಾನ. ನಂಬರಿನಾಗ ಹುಟ್ಟಿ ನಂಬರಿನಾಗ ಮುದುಕ ಆಗೇನಿ, ನನಗ ನೀ ನಂಬರ್ ಕಲಸ್ತೀ ಏನು?"

ಹೇಮಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಗಿರಾಕಿ ಹೇಳಿದ್ದು ಕೊಟ್ಟರೆ ತನಗೇನು ಎಂದು ಇಪ್ಪತ್ತರ ಡಬ್ಬಿ ಕಟ್ಟಿ ಕೊಟ್ಟ. ಮಗ್ಗದ ಮನೆಯಲ್ಲಿ ಬೆಳೆಯದವನಿಗೆ ಆ ಮಾತಿನ ಎಳೆ ಹೇಗೆ ಸಿಗಬೇಕು?

ಎಣ್ಣೆಯ ನಂಬರು ಏರಿದರೆ ದಪ್ಪ, ನೂಲಿನ ನಂಬರು ಏರಿದರೆ ಸಣ್ಣ. ಅಷ್ಟೇ ಆದದ್ದು.

ಹಬ್ಬಕ್ಕೆ ಎರಡು ದಿನವಿರುವಾಗ ಸಂಜೆಯ ಮೋಟಾರಿನಿಂದ ಅಜ್ಜ ಲಕ್ಷ್ಮೇಶ್ವರದಲ್ಲಿ ಇಳಿದ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದನಂತೆ, ಕೆಳಗಿಡಿ ಎಂದರೆ ಯಮನೂರಪ್ಪನಿಗೇ ಬೈದನಂತೆ. ಅವ್ವ ಅವನನ್ನು ಬಾಗಿಲಲ್ಲಿ ಕಂಡು ಕೈಯಲ್ಲಿದ್ದ ಹಿಟ್ಟಿನ ಬುಟ್ಟಿಯನ್ನು ಹಾಗೇ ಬಿಟ್ಟು ಬಂದಳು. ಕಾಲು ಮುಟ್ಟಲು ಬಾಗಲಾಗಲಿಲ್ಲ, ನಾನು ಅಡ್ಡವಿದ್ದೆ. ಅಜ್ಜ ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಬಂದ, ಅಂಗಳದಲ್ಲಿ ಲಾರಿಯ ಪಕ್ಕ ನಿಂತಿದ್ದ ಅಪ್ಪನನ್ನು ನೋಡಿದ, ಗೋಡೆಯ ಕಡೆ ಮುಖ ತಿರುಗಿಸಿದ.

"ನೀಲವ್ವಾ, ನಿನ್ನ ಗಂಡಗ ಹೇಳು. ಎಣ್ಣಿ ತಂದೇನಿ. ದಪ್ಪಂದು."

ಅಪ್ಪ ಡಬ್ಬಿ ತೆಗೆದುಕೊಂಡ. ಹಿತ್ತಲಿಗೆ ಒಯ್ದು ಹೊದಿಸಿದ್ದ ಕಾಗದ ಬಿಚ್ಚಿದ. ಡಬ್ಬಿಯ ಮೇಲೆ ದೊಡ್ಡದಾಗಿ ಇಪ್ಪತ್ತು ಎಂದಿತ್ತು. ಹಿಂದೆಯೇ ಬಂದಿದ್ದ ಅವ್ವನೂ ನೋಡಿದಳು. ಇಬ್ಬರೂ ಮಗ್ಗದ ಮನೆಯಲ್ಲೇ ಬೆಳೆದವರು, ಒಂದು ಗಳಿಗೆ ಸಾಕಾಯಿತು.

"ನಮ್ಮಪ್ಪ ಎಣ್ಣಿ ತಂದಿಲ್ರಿ," ಎಂದಳು ಅವ್ವ, "ನೂಲು ತಂದಾನ."

ಇಬ್ಬರಿಗೂ ನಗು ಉಕ್ಕಿತು. ಸೆರಗು ಬಾಯಿಗೆ ಒತ್ತಿಕೊಂಡು ಅವ್ವ ಗೋಡೆಗೆ ಒರಗಿದಳು, ಅಪ್ಪ ಕಣ್ಣೀರು ಬರುವಷ್ಟು ನಕ್ಕ, ಸಪ್ಪಳ ಮಾತ್ರ ಹೊರಗೆ ಬಿಡಲಿಲ್ಲ. ನಗು ನಿಂತ ಮೇಲೆ ಇಬ್ಬರ ಮುಖವೂ ಇಳಿಯಿತು.

"ಹೇಳಿದ್ರ ಏನಾಗತೈತಿ?" ಎಂದ ಅಪ್ಪ.

"ನನಗ ಬುದ್ಧಿ ಕಲಸಾಕ ಕರಸೀರೇನು ಅಂತ ನಾಳಿ ಮೊದಲನೇ ಮೋಟಾರಿಗೆ ಹೋಗತಾನ. ಮತ್ತ ಈ ಜನ್ಮದಾಗ ಬರೂದಿಲ್ಲ. ಹೇಳಬ್ಯಾಡ್ರಿ."

"ಹೇಳಲಾರದ ಹಾಕಿದ್ರ ಯಳವತ್ತಿ ದಾಟೂದ್ರಾಗ ಮುಳ್ಳು ನೆಲಾ ಹಿಡೀತೈತಿ. ಇಂಜಿನ್ ಕಚ್ಚಿ ನಿಂದ್ರತೈತಿ. ಈ ಹೊಟ್ಟಿ ಹೊತ್ತು ನೀ ನಡುದಾರ್ಯಾಗ ಕುಂಡ್ರತೀ ಏನು?"

ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅಪ್ಪನದು ಹಾಗಾಯಿತು. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ. ಬೇರೆ ಯಾರೇ ತಂದಿದ್ದರೂ ಅಂಗಡಿಗೆ ವಾಪಸು ಕಳಿಸುತ್ತಿದ್ದ. ಎಂಟು ವರ್ಷದಲ್ಲಿ ಮಾವ ತನಗೆಂದು ತಂದ ಮೊದಲ ವಸ್ತು ಅದು. ತಪ್ಪಾಗಿದ್ದರೇನು, ಅದನ್ನು ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

ಕತ್ತಲಾಗುವ ಮುಂಚೆ ಅಪ್ಪ ಒಂದು ಕೊಡ ಹಿಡಿದು ಹತ್ತಿ ಗಿರಣಿಗೆ ಹೋದ. ಅಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು ಕರೀಮಸಾಬ. ಗಿರಣಿಯ ಇಂಜಿನ್ನಿಗೆ ಹಾಕುವುದು ಐವತ್ತು ನಂಬರಿನ ಎಣ್ಣೆ, ನಲವತ್ತು ಅಲ್ಲಿರಲಿಲ್ಲ. ಅಪ್ಪ ಬಾಯಿಬಿಟ್ಟು ಎಲ್ಲವನ್ನೂ ಹೇಳಿದ. ಕರೀಮಸಾಬ ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಕೊಡ ಎತ್ತಿಕೊಂಡ.

"ಇಪ್ಪತ್ತು ಒಂದ ಹಾಕಿದ್ರ ಇಂಜಿನ್ ಸಾಯತೈತಿ. ಐವತ್ತು ಒಂದ ಹಾಕಿದ್ರ ಮುಂಜಾನೆ ಏಳೂದಿಲ್ಲ. ಎರಡೂ ಕೂಡಸು. ನಿಮ್ಮ ಮಾವಂದು ಒಂದು ಪಾಲು, ನಮ್ದು ಎರಡು ಪಾಲು."

ಹಿತ್ತಲಲ್ಲಿ ಅಪ್ಪ ಅಳೆದು ಅಳೆದು ಕೂಡಿಸಿದ. ಕಡ್ಡಿ ಅದ್ದಿ ಎತ್ತಿ, ಹನಿ ಹೇಗೆ ಇಳಿಯುತ್ತದೆಂದು ನೋಡಿದ. ತೀರ ಓಡಬಾರದು, ತೀರ ನಿಲ್ಲಬಾರದು. ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಅವ್ವ ಚಕ್ಕುಲಿಯ ಹಿಟ್ಟು ಹದ ಮಾಡಿದಂತೆ ಮಾಡಿದ. ಮನಸ್ಸಿಗೆ ಬಂದ ಮೇಲೆ ಲಾರಿಗೆ ಸುರಿದು, ಉಳಿದ ಎಣ್ಣೆಯಿದ್ದ ಮಾವನ ಡಬ್ಬಿಯನ್ನು ಮುಚ್ಚಳ ಬಿಗಿದು ಸೀಟಿನ ಕೆಳಗೆ ತಳ್ಳಿದ. ಎಸೆಯುವುದು ಹೇಗೆ? ಒಳಗೆ ಅಜ್ಜ ಊಟಕ್ಕೆ ಕೂತು, "ನಿನ್ನ ಗಂಡಗ ಹೇಳು, ಪೂರಾ ಡಬ್ಬಿ ಹಾಕು ಅಂತ. ಉಳಸೂದೇನ ಬ್ಯಾಡ," ಎನ್ನುತ್ತಿದ್ದ.

ಮರುದಿನ ಮುಂಜಾನೆ ಒಳ್ಳೆಯ ಚಳಿ ಬಿದ್ದಿತ್ತು. ಅಪ್ಪ ಹ್ಯಾಂಡಲ್ ಹಾಕಿ ತಿರುವಿದ. ಒಮ್ಮೆ ಗುರ್ ಎಂದು ಸುಮ್ಮನಾದ ಲಾರಿ ಇನ್ನೊಮ್ಮೆ ತಿರುವಿದ ಕೂಡಲೇ ಎದ್ದಿತು. ಹಿಂದೆ ಹೊಗೆ ಇತ್ತು, ಆದರೆ ಮೊದಲಿನಷ್ಟಿಲ್ಲ. ಬಲಗಡೆ ಅಪ್ಪ, ಎಡಗಡೆ ಕಿಟಕಿಗೆ ಅಜ್ಜ, ನಡುವೆ ನಾಲ್ಕು ಕೌದಿ ಮಡಿಚಿ ಹಾಕಿದ ಮೇಲೆ ಅವ್ವ. ಅವ್ವನ ಹೊಟ್ಟೆಯಲ್ಲಿ ನಾನು. ಒಟ್ಟು ನಾಲ್ವರಲ್ಲಿ ಮಾತಾಡಿದರೆ ಇಬ್ಬರೇ, ಅದೂ ಅವ್ವನ ಮೂಲಕ.

"ನೀಲವ್ವಾ, ನಿನ್ನ ಗಂಡಗ ಕೇಳು, ಮುಳ್ಳು ಎಲ್ಲಿ ಐತಿ?"

"ಮುಳ್ಳು ಎಲ್ಲಿ ಐತಂತ್ರಿ?"

"ನೆಟ್ಟಗ ಐತಂತ ಹೇಳು."

"ನೆಟ್ಟಗ ಐತಂತಪ್ಪಾ."

"ಹೂಂ. ಎಣ್ಣಿ ಯಾರು ತಂದಾರ ಅಂತ ಕೇಳು."

ಅವ್ವ ಕೇಳಲಿಲ್ಲ. ಎಡಗಡೆಯವನ ಮಾತನ್ನು ಬಲಕ್ಕೂ ಬಲಗಡೆಯವನ ಮಾತನ್ನು ಎಡಕ್ಕೂ ಸಾಗಿಸಿ ಅವಳ ಕುತ್ತಿಗೆ ಸೋತಿತ್ತು. ಮೇಲಾಗಿ ಇಬ್ಬರ ಮಾತೂ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಲಾಳಿಯ ಹಾಗೆ ಆಕಡೆ ಈಕಡೆ ಓಡುವುದೇ ತನ್ನ ಹಣೆಬರಹವೇನೋ ಎಂದು ಅವಳು ಮುನಿಸಿನಿಂದ ಮುಂದೆ ನೋಡುತ್ತ ಕೂತಳು. ದಾರಿಯ ಎರಡೂ ಬದಿಗೆ ಜೋಳ ಎದೆಯೆತ್ತರ ಬಂದಿತ್ತು. ಇದೇ ಗಾಳಿಗೆ, ಇದೇ ದಾರಿಗೆ ಅಪ್ಪ ಮಗ್ಗ ಬಿಟ್ಟು ಬಂದದ್ದು. ಅಜ್ಜನೂ ಕಿಟಕಿಯಿಂದ ಕಣ್ಣು ತೆಗೆದಿರಲಿಲ್ಲ.

ಯಳವತ್ತಿ ದಾಟಿತು. ಮುಳ್ಳು ಇಳಿಯಲಿಲ್ಲ. ಮುಂದಿನ ತಿರುವಿನಲ್ಲಿ ಹೊಲದಿಂದ ಒಂದು ಎಮ್ಮೆ ದಾರಿಗೆ ಅಡ್ಡ ಬಂದು ನಿಂತಿತು. ಅಪ್ಪ ಒಮ್ಮೆಲೇ ಬ್ರೇಕ್ ಒತ್ತಿದ. ಅವ್ವನನ್ನು ಹಿಡಿಯಲು ಎರಡೂ ಕಡೆಯಿಂದ ಎರಡು ಕೈ ಬಂದವು. ಸೀಟಿನ ಕೆಳಗಿನಿಂದ ಡಬ್ಬಿ ಉರುಳಿ ಬಂದು ಅಜ್ಜನ ಕಾಲಿಗೆ ಬಡಿಯಿತು.

ಅಜ್ಜ ಬಾಗಿ ಡಬ್ಬಿ ಎತ್ತಿದ. ಖಾಲಿ ಡಬ್ಬಿಯ ಭಾರವಲ್ಲ ಅದು. ಅಲುಗಿಸಿದ. ಒಳಗೆ ಎಣ್ಣೆ ತುಳುಕಿತು. ಎಮ್ಮೆ ತನ್ನ ದಾರಿ ಹಿಡಿದು ಹೋಯಿತು, ಲಾರಿ ಮತ್ತೆ ಹೊರಟಿತು.

"ನೀಲವ್ವಾ, ನಿನ್ನ ಗಂಡಗ..." ಎಂದು ಅಜ್ಜ ಶುರುಮಾಡಿದ. ನಿಲ್ಲಿಸಿದ.

"ಅಂದ್ಯಾ, ಗಾಡಿ ನಿಂದ್ರಸು."

ಅಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಇಷ್ಟು ವರ್ಷದ ಮೇಲೆ ಮಾವ ತನ್ನ ಹೆಸರು ಹಿಡಿದು ಕರೆದದ್ದು ಖುಷಿಗೋ, ಇಲ್ಲೇ ಇಳಿದು ನಡೆದುಬಿಡುವುದಕ್ಕೋ ತಿಳಿಯದೆ ಅವನು ಬೆವರಿದ. ಅವ್ವ ಕಣ್ಣು ಮುಚ್ಚಿಕೊಂಡಳು. ಅಜ್ಜ ಡಬ್ಬಿ ಹಿಡಿದು ಇಳಿದ, ಅಪ್ಪನೂ ಇಳಿದು ಅವನ ಎದುರಿಗೆ ಹೋಗಿ ನಿಂತ.

ಅಜ್ಜ ಮುಚ್ಚಳ ತೆಗೆದು ಎರಡು ಬೆರಳ ನಡುವೆ ಎಣ್ಣೆ ಹಿಡಿದು ತಿಕ್ಕಿ ನೋಡಿದ.

"ಇಂಜಿನ್ನಾಗ ಇರೂದು ತೋರಸು."

ಅಪ್ಪ ಬಾನೆಟ್ಟು ಎತ್ತಿ, ಎಣ್ಣೆ ನೋಡುವ ಕಡ್ಡಿ ಎಳೆದು, ಬಿಸಿ ಇದೆ ಎಂದು ಊದಿ, ಮುಂದೆ ಹಿಡಿದ. ಅಜ್ಜ ಅದನ್ನೂ ಮುಟ್ಟಿ ನೋಡಿದ. ಕಾದದ್ದು, ಆದರೂ ಬೆರಳಿಗೆ ಅಂಟಿ ನಿಂತಿತ್ತು.

"ಇದು ದಪ್ಪ."

"ಹೌದ್ರಿ."

"ನಾ ತಂದದ್ದು ತೆಳು."

"ಹೌದ್ರಿ ಮಾವಾ."

"ನಂಬರ್ ಏರಿದಂಗ ಎಣ್ಣಿ ದಪ್ಪ ಆಗತೈತೇನು?"

"ಹೌದ್ರಿ. ನೂಲಿಗೆ ಉಲ್ಟಾ."

"ಎಂಥಾ ಉಲ್ಟಾ ಮಂದಿ ಮಾಡ್ಯಾರಪಾ ಇದನ್ನ!" ಎಂದು ಅಜ್ಜ ಕೂಗಿದ ರಭಸಕ್ಕೆ ಜೋಳದ ಹೊಲದಿಂದ ಹಕ್ಕಿಗಳು ಎದ್ದವು. ಆಮೇಲೆ ದನಿ ತಗ್ಗಿತು. "ನನಗ ಯಾಕ ಹೇಳಲಿಲ್ಲೋ?"

"ತಪ್ಪಾಗೈತಿ ಅಂದ್ರ ಎಲ್ಲಿ ತಿರಿಗಿ ಹೋಗತೀರೋ ಅಂತ ಹೆದರಿಕಿ ಆತ್ರಿ."

"ಮತ್ತ ಚೆಲ್ಲಬೇಕಿತ್ತು."

"ಚೆಲ್ಲಾಕ ಮನಸಾಗಲಿಲ್ಲ. ನೀವು ನನಗಂತ ತಂದದ್ದು. ಗಿರಣಿದು ಎರಡು ಪಾಲು, ನಿಮ್ಮದು ಒಂದು ಪಾಲು ಕೂಡಸೇನಿ. ಖರೆ ಹೇಳತೇನಿ ಮಾವಾ, ನಿಮ್ಮ ಎಣ್ಣಿ ಇರದಿದ್ರ ಬರೇ ಗಿರಣಿದು ಈ ಥಂಡ್ಯಾಗ ಏಳತಿರಲಿಲ್ಲ. ಅದೂ ಬೇಕಾತು, ಇದೂ ಬೇಕಾತು."

ಅಜ್ಜ ಬೆರಳ ಎಣ್ಣೆಯನ್ನು ಹೊಸ ರುಮಾಲಿನ ಸೆರಗಿಗೆ ಒರೆಸಿಕೊಂಡ, ಒರೆಸಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಲಾರಿಯ ಮಡ್‌ಗಾರ್ಡಿನ ಮೇಲೆ ಕೈಯೂರಿದ.

"ಲಾರಿ ಮ್ಯಾಲ ನನಗೇನ ಸಿಟ್ಟಿಲ್ಲೋ ಅಂದ್ಯಾ. ನೀ ಹೋದ ಮ್ಯಾಲ ನಿನ್ನ ಮಗ್ಗದಾಗ ಯಾರನ್ನೂ ಕುಂಡ್ರಸಲಿಲ್ಲ ನಾ. ಭಾಳ ಮಂದಿ ಕೇಳಿದ್ರು, ಕೊಡಲಿಲ್ಲ. ಮುಂಜಾನಿಂದ ಸಂಜಿತನಕ ಒಂದ ಲಾಳಿ ಸಪ್ಪಳ. ನಿಲ್ಲಿಸಿದ್ರ ಅದೂ ಇಲ್ಲ. ಇವತ್ತ ಬರತಾನ, ನಾಳಿ ಬರತಾನ ಅಂತ ನೋಡಿ ನೋಡಿ ಹೊಟ್ಯಾಗ ಬೆಂಕಿ ಬಿತ್ತು."

"ನೀವ ಮಾತಾಡಬ್ಯಾಡ ಅಂದಿದ್ರಿ."

"ಅಂದೆ. ನೀ ಕೇಳತೀ ಅಂತ ಯಾರಿಗೆ ಗೊತ್ತಿತ್ತು? ಸಣ್ಣಾಂವ ಇದ್ದಾಗಿಂದ ನನ್ನ ಒಂದ ಮಾತರ ಕೇಳಿದ್ದೀ ಏನಲೇ ನೀ? ಕೇಳಬಾರದ್ದನ್ನ ಒಂದ ಕೇಳಿ ಕುಂತಿ!"

ಅಪ್ಪ ಅತ್ತುಬಿಟ್ಟ. ಲಾರಿ ಹೊಡೆಯುವ ಗಟ್ಟಿ ಆಳು, ಹತ್ತಿಯ ಅಂಡಿಗೆ ಒಬ್ಬನೇ ಎತ್ತುವವನು, ಬಾನೆಟ್ಟಿನ ಮರೆಗೆ ಮುಖ ಹಾಕಿ ಹುಡುಗರ ಹಾಗೆ ಅತ್ತ. ಅಜ್ಜ ಅವನ ಬೆನ್ನ ಮೇಲೆ ಕೈಯಿಟ್ಟು, ಸಮಾಧಾನದ ಮಾತು ಬಾರದೆ, ಇಂಜಿನ್ ತೋರಿಸಿ ಇದೇನು ಅದೇನು ಎಂದು ಕೇಳತೊಡಗಿದ. ಅಪ್ಪ ಮೂಗು ಒರೆಸಿಕೊಳ್ಳುತ್ತ ಹೇಳತೊಡಗಿದ. ಇದು ಪಂಪು, ಇಲ್ಲಿಂದ ಎಣ್ಣೆ ಏರುತ್ತದೆ, ಇಲ್ಲಿ ಬೇರಿಂಗು. ಅಜ್ಜ ಹಾಗಾದರೆ ಇದು ನಮ್ಮ ಹಲಗೆಯ ಹಾಗೆ, ಅದು ನಮ್ಮ ಅಣಿಯ ಹಾಗೆ ಎಂದು ಮಗ್ಗವನ್ನು ತಂದು ಇಂಜಿನ್ನಿನಲ್ಲಿ ಜೋಡಿಸತೊಡಗಿದ. ಅಪ್ಪ ಅಲ್ಲವೆಂದ. ಅಜ್ಜ ಹೌದೆಂದ. ಇಬ್ಬರ ದನಿಯೂ ಏರಿತು.

ಅವ್ವ ಮೊದಮೊದಲು ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಜಗಳವದು. ಆದರೆ ಬಿಸಿಲೇರಿತು, ಸೊಂಟ ನೋಯತೊಡಗಿತು, ನಾನು ಒದೆಯತೊಡಗಿದೆ. ಹೊರಗಿದ್ದವರಿಗೆ ಕ್ಯಾಬಿನ್ನಿನಲ್ಲಿ ಒಬ್ಬ ಬಸುರಿ ಕೂತಿದ್ದಾಳೆಂಬ ಖಬರೇ ಇದ್ದಂತಿರಲಿಲ್ಲ. ಅವಳು ಬಲಕ್ಕೆ ವಾಲಿ ಹಾರನ್ನಿನ ರಬ್ಬರ್ ಉಂಡೆಯನ್ನು ಎರಡೂ ಕೈಯಿಂದ ಹಿಂಡಿದಳು. ಇಬ್ಬರೂ ಬೆಚ್ಚಿಬಿದ್ದು ತಲೆಯೆತ್ತಿದರು.

"ಮಾತು ಬಂತಲಾ ಇಬ್ಬರಿಗೂ? ಇನ್ನ ಗಾಡಿ ಹೊಡೀರಿ. ಹಬ್ಬ ಬೇಟಗೇರ್ಯಾಗ ಐತಿ, ಈ ಹೊಲದಾಗಲ್ಲ."

ಅಪ್ಪ ಬಾನೆಟ್ಟು ಮುಚ್ಚಿ ಬಂದು ಕೂತ. ಅಜ್ಜ ಎಡಗಡೆಯ ಬಾಗಿಲು ತೆಗೆದ, ಡಬ್ಬಿಯನ್ನು ಒಳಗಿಟ್ಟ, ಹತ್ತಲಿಲ್ಲ.

"ಏನಾತಪ್ಪಾ?" ಎಂದಳು ಅವ್ವ ಗಾಬರಿಯಿಂದ.

"ನೀ ಇತ್ತಾಗ ಕಿಡಕಿಗೆ ಸರಿಯವ್ವಾ, ಗಾಳಿ ಬರತೈತಿ," ಎಂದ ಅಜ್ಜ. "ನಡುವ ನಾ ಕುಂಡ್ರತೇನಿ."